ಗಂಡಸು ಅಳಬಾರದಂತೆ! ಯಾರು ಹೇಳಿದ್ದು ಸ್ವಾಮಿ?

ನಿಜ ಹೇಳಿ. ಸಿನಿಮಾ ನೋಡುತ್ತಾ ಕತ್ತಲಲ್ಲಿ ಒಂದು ಸಲವಾದರೂ ಅತ್ತಿದ್ದೀರೋ ಇಲ್ಲವೋ? 'ಬಂಗಾರದ ಮನುಷ್ಯ'ದ ಕೊನೆಯಲ್ಲಿ ರಾಜೀವಪ್ಪ ತಾನೇ ಕಟ್ಟಿ ಬೆಳೆಸಿದ ಮನೆ ಬಿಟ್ಟು ಒಬ್ಬಂಟಿಯಾಗಿ ನಡೆದು ಹೋಗುವಾಗ ಗಂಟಲು ಕಟ್ಟಿತೋ ಇಲ್ಲವೋ? ಕಟ್ಟಿತು ತಾನೇ! ಆಮೇಲೇನು ಮಾಡಿದಿರಿ? ಲೈಟು ಹತ್ತುವ ಮೊದಲೇ ತೋಳಿನಿಂದ ಕಣ್ಣೊರೆಸಿಕೊಂಡು, ಪಕ್ಕದವನ ಬೆನ್ನಿಗೊಂದು ಗುದ್ದಿ, "ಏನ್ ಸಖತ್ತಾಗಿತ್ತು ಗುರೂ" ಅನ್ನುತ್ತಾ ಹೊರಗೆ ಬಂದಿರಿ. ಗಾಂಧಿ ಕ್ಲಾಸಿನಲ್ಲಿ ಕೂತವನದ್ದೂ ಇದೇ ಕಥೆ, ಬಾಲ್ಕನಿಯವನದ್ದೂ ಇದೇ ಕಥೆ.

ಅಳು ಹೆಂಗಸರದ್ದು, ಗಂಡಸಿಗೆ ಹೊಡೆದಾಟ ಅಂತ ನಾವೆಲ್ಲ ನಂಬಿಕೊಂಡು ಬೆಳೆದವರು. ಆದರೆ ವಾಚಕ ಮಿತ್ರರೇ, ನಮ್ಮ ಕನ್ನಡ ಚಿತ್ರರಂಗದ ಇತಿಹಾಸ ಬೇರೆಯೇ ಹೇಳುತ್ತದೆ. 1971ರ 'ಕಸ್ತೂರಿ ನಿವಾಸ'ದಲ್ಲಿ ರಾಜಣ್ಣ ಯಾರನ್ನು ಹೊಡೆದು ಗೆದ್ದರು? ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ, ಕೊಟ್ಟೂ ಕೊಟ್ಟೂ ಬರಿಗೈಯಾಗಿ ಸಾಯುತ್ತಾನೆ. ಸೋತ ಮನುಷ್ಯ! ಮರುವರ್ಷ ಬಂದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತಲ್ಲ, ಕೊನೆಯ ರೀಲಿನಲ್ಲಿ ಆ ನಾಯಕ ಕೈ ಎತ್ತುವುದೇ ಇಲ್ಲ. ಮನೆಯವನೇ ಅವಮಾನ ಮಾಡಿದರೂ ತಿರುಗಿ ಒಂದು ಮಾತಾಡದೆ ಹೊರಟು ಹೋಗುತ್ತಾನೆ. ಕನ್ನಡಿಗರು ತಲೆಯ ಮೇಲೆ ಹೊತ್ತು ಮೆರೆಸಿದ್ದು ಇಂಥ ಗಂಡಸನ್ನು.

ಇನ್ನೊಂದು ಬಗೆಯ ಗಂಡಸೂ ಇದ್ದ, ಇಲ್ಲ ಅನ್ನುವುದಿಲ್ಲ. 1976ರ 'ಬಹದ್ದೂರ್ ಗಂಡು', 1989ರ 'ನಂಜುಂಡಿ ಕಲ್ಯಾಣ', ಇವೆಲ್ಲ ಸೊಕ್ಕಿನ ಹುಡುಗಿಯನ್ನು ಬಗ್ಗಿಸಿ ದಾರಿಗೆ ತರುವ ಕಥೆಗಳು. 'ನಂಜುಂಡಿ ಕಲ್ಯಾಣ'ದ ಬೇರು ಪರ್ವತವಾಣಿಯವರ ನಾಟಕದಲ್ಲಿದೆ, ಆ ನಾಟಕದ ಬೇರು ಶೇಕ್ಸ್‌ಪಿಯರನಲ್ಲಿ. ಅಂದರೆ ಹೆಂಡತಿಯನ್ನು ಬಗ್ಗಿಸುವ ಈ ವಿದ್ಯೆಯನ್ನು ನಾವು ಸೀಮೆಯಾಚೆಯಿಂದ ತರಿಸಿಕೊಂಡಿದ್ದು! ನಾಯಕಿಯ ಕೆನ್ನೆಗೆ ಏಟು ಬಿದ್ದಾಗ ಟಾಕೀಸಿನಲ್ಲಿ ಏಳುವ ಶಿಳ್ಳೆ ನಿಮಗೂ ಗೊತ್ತು. ನಮ್ಮ ಬೀದಿಯ ಒಬ್ಬಾತ ಮನೆಯಲ್ಲಿ ಅದನ್ನೇ ಮಾಡಿ ನೋಡಿದ. ಹೆಂಡತಿ ತವರಿಗೆ ಹೋದಳು. ಇಂಟರ್‌ವಲ್ ಆದ ಮೇಲೂ ವಾಪಸು ಬರಲಿಲ್ಲ.

ಒಟ್ಟಿನಲ್ಲಿ ನಾವು ಮಾಡಿದ್ದೇನು? ಕೆನ್ನೆಗೆ ಹೊಡೆಯುವವನನ್ನು ಟಾಕೀಸಿನಿಂದ ಬೀದಿಗೆ ಕರೆದುಕೊಂಡು ಬಂದೆವು. ಅಳುವವನನ್ನು ಒಳಗೇ ಬಿಟ್ಟು ಬಂದೆವು.

ಇಷ್ಟು ಬರೆದವನು ಯಾರು ಅಂತೀರಾ? ಎರಡನೇ ಪಿಯುಸಿ ನಡುವೆ ಫೀಸಿನ ದುಡ್ಡಿಲ್ಲದೆ ಕಾಲೇಜು ಬಿಟ್ಟ ಹವ್ಯಾಸಿ ಪತ್ರಕರ್ತ. ಮಧುಗಿರಿ ಕಡೆಯ ಹಳ್ಳಿಯವನು. ನಮ್ಮಪ್ಪ ತಮಟೆ ಬಡಿಯುವವನು. ಸಾವು, ಜಾತ್ರೆ, ಮಾರಿಹಬ್ಬ, ಚುನಾವಣೆ ಮೆರವಣಿಗೆ, ಏನಿದ್ದರೂ ಮೊದಲ ಕರೆ ಅಪ್ಪನಿಗೆ. ಅದರ ಜೊತೆಗೆ ಸಿನಿಮಾ ಬಿಡುಗಡೆ. ಮೊದಲ ದಿನ ಟಾಕೀಸಿನ ಮುಂದೆ ಕಟೌಟಿಗೆ ಹಾರ ಹಾಕಿ, ಹಾಲು ಸುರಿದು, ಪಟಾಕಿ ಹೊಡೆದು ಕುಣಿಯುತ್ತೀರಲ್ಲ, ಆ ಕುಣಿತಕ್ಕೆ ಏಟು ಹಾಕುವವರು ಯಾರು ಅಂತ ಯಾವತ್ತಾದರೂ ತಿರುಗಿ ನೋಡಿದ್ದೀರಾ?

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಬೇಕು. ಟಾಕೀಸಿನ ಪಕ್ಕದ ಖಾಲಿ ಸೈಟಿನಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಬೇಕು. ಚರ್ಮ ಬಿಗಿಯಾಗದಿದ್ದರೆ ನಾದ ಏಳುವುದಿಲ್ಲ. ಜಾಸ್ತಿ ಕಾದರೆ ಹರಿದೇ ಹೋಗುತ್ತದೆ. ಎಷ್ಟು ಕಾದಿದೆ ಎಂದು ಅಪ್ಪ ಬೆರಳ ತುದಿಯಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಹೇಳುತ್ತಾನೆ. ಈಗ ಫೈಬರ್ ತಮಟೆ ಬಂದಿದೆ, ಕಾಯಿಸುವ ಗೋಜೇ ಇಲ್ಲ. ಅಪ್ಪನಿಗೆ ಮಾತ್ರ ಅದು "ಬಕೀಟು ಬಡ್ದಂಗೆ". ಎರಡು ಗಂಟೆ ಹೊತ್ತು ಬಡಿಯುತ್ತಾರೆ. ನೀವು ಕುಣಿಯುತ್ತೀರಿ. ಬೆಲ್ಲು ಹೊಡೆಯುತ್ತದೆ, ನೀವು ಒಳಗೆ ನುಗ್ಗುತ್ತೀರಿ. ಅಪ್ಪ ಮತ್ತು ಅವನ ಜೊತೆಯ ಐದು ಜನ ಕೂಲಿ ಈಸಿಕೊಂಡು, ಬೂದಿಯ ಮೇಲೆ ನೀರು ಹಾಕಿ, ಬಸ್ಸು ಹತ್ತುತ್ತಾರೆ. ಎಷ್ಟೋ ನಾಯಕರ ಎಷ್ಟೋ ಚಿತ್ರಗಳಿಗೆ ಬಡಿದ ಅಪ್ಪ, ಅವುಗಳಲ್ಲಿ ಒಂದನ್ನೂ ಮೊದಲ ದಿನ ಒಳಗೆ ಹೋಗಿ ನೋಡಿರಲಿಲ್ಲ.

ಅದಾದರೂ ಹೋಗಲಿ. ಅಪ್ಪನಿಗೆ ಆಗ ಐವತ್ತು ದಾಟಿತ್ತು. ಹದಿನೆಂಟರ ಹುಡುಗ ಬಂದು "ಏಯ್ ತಮಟೆ, ಬಾರೋ ಇಲ್ಲಿ, ಜೋರಾಗ್ ಹೊಡಿಯೋ" ಅನ್ನುತ್ತಿದ್ದ. ಒಳಗೆ ತೆರೆಯ ಮೇಲೆ ನಾಯಕ ಒಬ್ಬ ಮುದುಕನ ಕಾಲಿಗೆ ಬಿದ್ದರೆ ಅದೇ ಹುಡುಗ ಶಿಳ್ಳೆ ಹಾಕುತ್ತಿದ್ದ! ನಾನು ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ. ಅಪ್ಪ ಮಾತ್ರ "ಹೋಗ್ಲಿ ಬಿಡಪ್ಪ, ಹುಡುಗ್ರು" ಅನ್ನುತ್ತಿದ್ದ.

ಗಂಡಸುತನದ ಬಗ್ಗೆ ಭಾಷಣ ಬಿಗಿಯುವವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಊರುಗಳಲ್ಲಿ ಗಂಡಸು ಅನ್ನಿಸಿಕೊಳ್ಳುವ ಹಕ್ಕು ಎಲ್ಲ ಗಂಡಸರಿಗೂ ಇದೆಯೇ? 2017ರಲ್ಲಿ ಗುಜರಾತಿನ ಗಾಂಧಿನಗರ ಜಿಲ್ಲೆಯ ಲಿಂಬೋದರಾ ಎಂಬ ಹಳ್ಳಿಯಲ್ಲಿ ಮೀಸೆ ಬಿಟ್ಟರೆಂಬ ಕಾರಣಕ್ಕೆ ದಲಿತ ಹುಡುಗರಿಗೆ ಏಟು ಬಿತ್ತು. ಅದಕ್ಕೆ ಉತ್ತರವಾಗಿ ಅಲ್ಲಿನ ಯುವಕರು ಮೀಸೆ ತಿರುವಿದ ಫೋಟೋ ತೆಗೆದು ಮೊಬೈಲುಗಳಲ್ಲಿ ಹಾಕಿಕೊಂಡರು. ನಾವು ಹೀರೋ ಮೀಸೆ ನೋಡಿ ಚಪ್ಪಾಳೆ ತಟ್ಟುವವರು. ಮೀಸೆಗೂ ಜಾತಿ ಇದೆ ಅಂತ ಯಾವ ಫೈಟ್ ಮಾಸ್ಟರ್ ಹೇಳಿಕೊಟ್ಟ?

ನಮ್ಮಲ್ಲೇ ಈ ಮಾತನ್ನು ಬಹಳ ಹಿಂದೆ ಒಂದು ಚಿತ್ರ ಹೇಳಿತ್ತು. ಬಿ.ವಿ. ಕಾರಂತರ 'ಚೋಮನ ದುಡಿ', 1975ರದ್ದು. ಶಿವರಾಮ ಕಾರಂತರ ಕಾದಂಬರಿ. ಆ ವರ್ಷದ ಸ್ವರ್ಣಕಮಲ ಅದಕ್ಕೇ ಬಂತು, ಚೋಮನಾದ ವಾಸುದೇವರಾಯರಿಗೆ ಇಡೀ ದೇಶದ ಶ್ರೇಷ್ಠ ನಟ ಪ್ರಶಸ್ತಿ. ಚೋಮನ ಹತ್ತಿರ ಎತ್ತುಗಳಿವೆ, ತೋಳಲ್ಲಿ ಕಸುವಿದೆ. ತುಂಡು ಭೂಮಿ ಉಳಬೇಕೆಂಬ ಒಂದೇ ಒಂದು ಆಸೆ. ಆದರೆ ಅವನ ಜಾತಿಯವನು ಬೇಸಾಯಗಾರ ಆಗುವ ಹಾಗಿಲ್ಲ. 'ಬಂಗಾರದ ಮನುಷ್ಯ' ಬಂದು ಮೂರೇ ವರ್ಷಕ್ಕೆ ಬಂದ ಚಿತ್ರ ಇದು, ನೆನಪಿರಲಿ. ಅಲ್ಲಿ ಭೂಮಿ ಉತ್ತವನು ಬಂಗಾರದ ಮನುಷ್ಯನಾದ. ಇಲ್ಲಿ ಉಳುತ್ತೇನೆ ಅಂದವನಿಗೆ ಉಳಿದದ್ದು ಒಂದು ದುಡಿ, ಅದನ್ನೇ ಬಡಿಯುತ್ತಾ ಸತ್ತ. ನಾನು ಈ ಚಿತ್ರವನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ ಪೂರ್ತಿ ನೋಡಿದ. ಕಥೆಯ ಬಗ್ಗೆ ಒಂದು ಮಾತಿಲ್ಲ. "ಕೈ ಚೆನ್ನಾಗೈತೆ ಆವಯ್ಯಂದು" ಅಂದ, ಅಷ್ಟೇ.

ಈಗ ಅಳುವಿನ ಮಾತಿಗೆ ಬರೋಣ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡಾಗ ನಾನು ಪ್ರೈಮರಿ ಸ್ಕೂಲಿನ ಹುಡುಗ. ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು, ಕಲ್ಲು ತೂರಾಟ, ಗೋಲಿಬಾರು. ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು. ಲಕ್ಷಾಂತರ ಗಂಡಸರಿಗೆ ದುಃಖವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ದುಃಖವನ್ನು ಹೊರಗೆ ಹಾಕಲು ಎಷ್ಟೋ ಜನರಿಗೆ ಗೊತ್ತಿದ್ದದ್ದು ಕಲ್ಲೊಂದೇ.

ಹದಿನೈದು ವರ್ಷ ಕಳೆದು 2021ರ ಅಕ್ಟೋಬರ್ 29ರಂದು ಅಪ್ಪು ಹೋದರು. ಈ ಸಲ ಪೊಲೀಸ್ ಏರ್ಪಾಡು ಚೆನ್ನಾಗಿತ್ತು, ಮದ್ಯದಂಗಡಿ ಮುಚ್ಚಿಸಿದ್ದರು, ಅದನ್ನೂ ಹೇಳಬೇಕು. ಆದರೂ ಕಂಠೀರವ ಸ್ಟೇಡಿಯಂ ಮುಂದಿನ ಸಾಲಿನಲ್ಲಿ ನಾನು ಕಂಡದ್ದು ಬರೀ ಪೊಲೀಸರ ಏರ್ಪಾಡಲ್ಲ. ಗಡ್ಡ ಬಿಟ್ಟ ಲಾರಿ ಡ್ರೈವರುಗಳು, ಕೈ ಮೇಲೆ ಹಚ್ಚೆ ಹಾಕಿಸಿಕೊಂಡ ರೌಡಿಯಂಥ ಹುಡುಗರು, ಮುಖ ಮುಚ್ಚಿಕೊಳ್ಳದೆ, ಕರ್ಚೀಫು ಹುಡುಕದೆ, ಗುರುತೇ ಇಲ್ಲದವರ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದರು. ಅಪ್ಪುವಿನ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ಊರೂರಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಹುಡುಗರು ಸಾಲು ನಿಂತರು. ಇದೇ ಅಭಿಮಾನಿ ದೇವರುಗಳು, ಸ್ವಾಮಿ!

ಆವತ್ತು ರಾತ್ರಿ ನಾವು ನಾಲ್ಕು ಜನ ಊರಿಗೆ ವಾಪಸು ಬಂದೆವು. ಬಸ್‌ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಎಲ್ಲರ ಕಣ್ಣೂ ಊದಿಕೊಂಡಿತ್ತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಲ್ಲ, ಹಾಗಾಗಿಯೋ ಏನೋ, ನಮ್ಮ ಆಟೋ ಗೆಳೆಯ ಇದ್ದಕ್ಕಿದ್ದಂತೆ ಬಾಯಿ ಬಿಟ್ಟ. ಕಂತು ಕಟ್ಟಲಿಲ್ಲ ಅಂತ ಫೈನಾನ್ಸಿನವರು ಅವನ ಆಟೋ ಎಳಕೊಂಡು ಹೋಗಿದ್ದರಂತೆ. ಹೆಂಡತಿಗೆ ಗ್ಯಾರೇಜಿನಲ್ಲಿದೆ ಅಂತ ಹೇಳಿ, ಇಪ್ಪತ್ತು ದಿನ ಬೆಳಿಗ್ಗೆ ಬೆಳಿಗ್ಗೆ ಖಾಕಿ ಷರಟು ತೊಟ್ಟು ಹೊರಟು ಕೆರೆ ಏರಿ ಮೇಲೆ ಕೂತು ಸಂಜೆಗೆ ವಾಪಸು ಬಂದಿದ್ದ. "ಒಂದಿನ ನೀರು ನೋಡ್ತಾ ನೋಡ್ತಾ ಏನೇನೋ ಅನ್ನಿಸ್ತು ಕಣ್ರೋ. ಯಾರಿಗ್ ಹೇಳೋದು? ಗಂಡಸಾಗಿ ಹುಟ್ಟಿ ಹೆಂಡ್ತಿ ಹತ್ರ ಅಳೋಕಾಗುತ್ತಾ?"

ಮಿತ್ರರೇ, ಇದು ನನ್ನ ಗೆಳೆಯನೊಬ್ಬನ ಮಾತಲ್ಲ. ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ. ಅವರಲ್ಲಿ ನೂರಕ್ಕೆ ಸುಮಾರು 72 ಗಂಡಸರು. ಒಟ್ಟು ಜನರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು. ಈ ಎರಡನೇ ಲೆಕ್ಕವನ್ನು ಇನ್ನೊಂದು ಸಲ ಓದಿ. ಬರೀ ಅತ್ತುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವಷ್ಟು ಪೆದ್ದ ನಾನಲ್ಲ. ಕಂತು ಕಂತೇ, ಸಾಲ ಸಾಲವೇ. ಆದರೆ ಆವತ್ತು ಬೆಂಚಿನ ಮೇಲೆ ಅವನು ಬಾಯಿ ಬಿಟ್ಟಿದ್ದರಿಂದ ನಾವು ಮೂವರು ಸೇರಿ ಎರಡು ಕಂತು ಹೊಂದಿಸಿದೆವು, ಆಟೋ ಬಿಡಿಸಿಕೊಂಡು ಬಂದೆವು. ಕೆರೆ ಏರಿಯ ಮೇಲೆ ಒಬ್ಬನೇ ಕೂತಿದ್ದರೆ ನಮಗೆ ಗೊತ್ತಾಗುತ್ತಿದ್ದದ್ದು ಹೇಗೆ?

ಅವನ ಸರದಿ ಆದ ಮೇಲೆ ನನ್ನದು. ಸಂಘದ ಅಧ್ಯಕ್ಷ ಪಕ್ಕದಲ್ಲೇ ಕೂತಿದ್ದ. ಹದಿನಾಲ್ಕನೇ ವಯಸ್ಸಿನಿಂದ ಒಟ್ಟಿಗೆ ಶಿಳ್ಳೆ ಹೊಡೆದವರು ನಾವು. ನಾನು ಕೇಳಿದೆ:

"ನಮ್ಮಪ್ಪನ್ನ 'ಏಯ್ ತಮಟೆ' ಅಂತ ಯಾಕೋ ಕರೀತೀರಾ?"

"ಸುಮ್ನಿರೋ, ತಮಾಷೆಗೆ ಕರೆಯೋದು. ಇದರಲ್ಲಿ ಜಾತಿ ಗೀತಿ ತರ್ಬೇಡ. ನಾವ್ ಅದೆಲ್ಲ ನೋಡ್ತೀವಾ? ಒಂದೇ ತಟ್ಟೇಲಿ ತಿಂದಿಲ್ವಾ?"

"ತಿಂದಿದ್ದೀವಿ, ಹೋಟ್ಲಲ್ಲಿ. ನಿಮ್ಮನೇಲಿ ಒಂದ್ಸಲ ಊಟಕ್ ಕರ್ದಿದ್ದೀಯಾ?"

ಅವನು ಟೀ ಲೋಟ ಕೆಳಗಿಟ್ಟು ಎದ್ದು ಹೋದ. ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಸಂಘದ ಕೆಲವರು "ಅಪ್ಪು ಸತ್ತ ದಿನಾನೇ ಇದೆಲ್ಲ ಕೇಳ್ಬೇಕಿತ್ತಾ?" ಅಂದರು. ಬೇರೆ ಯಾವ ದಿನ ಕೇಳಬೇಕಿತ್ತು ಅಂತ ಮಾತ್ರ ಯಾರೂ ಹೇಳಲಿಲ್ಲ.

2022ರ ಮಾರ್ಚ್ 17ಕ್ಕೆ ಅಪ್ಪುವಿನ 'ಜೇಮ್ಸ್' ಬಿಡುಗಡೆ. ಹಿಂದಿನ ಸಂಜೆ ನಮ್ಮ ಕೇರಿಯೊಳಗೆ ಒಂದು ಬೈಕು ಬಂತು. ಅಧ್ಯಕ್ಷ! ಯಾವಾಗಲೂ ಫೋನಿನಲ್ಲೇ ಮುಗಿಸುವವನು, ಮನೆ ಬಾಗಿಲಿಗೆ ಬಂದಿದ್ದ. ಅಪ್ಪ ಜಗುಲಿಯ ಮೇಲೆ ಕೂತಿದ್ದ.

"ಯಜಮಾನ್ರೇ, ನಾಳೆ ನೀವು ಬರ್ಬೇಕು" ಅಂದ.

ಅಪ್ಪ ಹಿಂದೆ ತಿರುಗಿ ನೋಡಿದ, ಬಾಗಿಲಲ್ಲಿ ಬೇರೆ ಯಾರಾದರೂ ನಿಂತಿದ್ದಾರೇನೋ ಅಂತ.

ಮರುದಿನ ತಮಟೆಯವರು ಆರೂ ಜನಕ್ಕೆ ಟಿಕೆಟ್ಟು ತಂದಿಟ್ಟಿದ್ದರು. ಅಪ್ಪ ನನ್ನ ಪಕ್ಕ ಕೂತ, ತಮಟೆಯನ್ನು ಕಾಲಡಿಗೆ ಇಡದೆ ತೊಡೆಯ ಮೇಲೆ ಇಟ್ಟುಕೊಂಡು. ಆ ಚಿತ್ರಕ್ಕೆ ಅಪ್ಪು ಡಬ್ಬಿಂಗ್ ಮಾಡುವ ಮೊದಲೇ ಹೋಗಿಬಿಟ್ಟಿದ್ದರಲ್ಲ, ಬಿಡುಗಡೆಯಾದಾಗ ದನಿ ಕೊಟ್ಟಿದ್ದು ಶಿವಣ್ಣ. ತಮ್ಮನ ಮುಖ, ಅಣ್ಣನ ದನಿ. ಅಪ್ಪನಿಗೆ ಅದು ಹೇಗೋ ಗೊತ್ತಾಗಿತ್ತು. ಅರ್ಧ ಗಂಟೆಗೆಲ್ಲ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಹೋಗಲಿಲ್ಲ. ಅವ್ವ ಸತ್ತಾಗಲೂ ಎಲ್ಲರೆದುರು ಅಳದಿದ್ದ ಮನುಷ್ಯ.

ಈಗ ಅಪ್ಪ ಸಾವಿನ ಮನೆಗೆ ಹೋಗುವುದನ್ನು ಬಿಟ್ಟಿದ್ದಾನೆ. ಜಾತ್ರೆ, ಸಿನಿಮಾ, ಸರ್ಕಾರದ ಕಾರ್ಯಕ್ರಮಕ್ಕೆ ಮಾತ್ರ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಆ ಪೇಪರನ್ನು ಮಡಿಚಿ ತಮಟೆ ಚೀಲದಲ್ಲಿ ಇಟ್ಟುಕೊಂಡ. ರೇಟಿನ ಮಾತು ಬಂದಾಗ ಹೊರಗೆ ತೆಗೆದು ತೋರಿಸುತ್ತಾನೆ! 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸಲು ಹೋಗಿ ಮೂವರು ಹುಡುಗರು ಕರೆಂಟು ಹೊಡೆದು ಸತ್ತರಲ್ಲ, ಅದನ್ನು ಕೇಳಿದ ಮೇಲೆ ಹೊಸದೊಂದು ಷರತ್ತು ಹಾಕಿದ್ದಾನೆ. ಕಟೌಟು ಕರೆಂಟು ತಂತಿಯ ಹತ್ತಿರ ಇದ್ದರೆ ತಮಟೆ ಮುಟ್ಟುವುದಿಲ್ಲ. ಮೊನ್ನೆ ಒಂದು ಕಡೆ ಹುಡುಗರಿಂದ ಕಟೌಟು ಇಳಿಸಿಸಿ, ಹತ್ತಡಿ ಈಚೆಗೆ ನಿಲ್ಲಿಸಿಸಿ, ಆಮೇಲೆ ಹುಲ್ಲಿಗೆ ಬೆಂಕಿ ಹಚ್ಚಿದ. ಹುಡುಗರು ಗೊಣಗುತ್ತಾ "ಆಯ್ತು ಯಜಮಾನ್ರೇ" ಅಂದರು.

ಅಧ್ಯಕ್ಷ ನಮ್ಮ ಮನೆಗೆ ಆಗಾಗ ಬರುತ್ತಾನೆ. ಮುದ್ದೆ, ಸಾರು ಉಂಡು ಹೋಗುತ್ತಾನೆ. ಅವನ ಮನೆಯ ಊಟದ ಮಾತು ಮಾತ್ರ ಇನ್ನೂ ಹಾಗೇ ಇದೆ. "ಅಮ್ಮಂಗೆ ಹೇಳಿದ್ದೀನಿ ಕಣೋ, ಸ್ವಲ್ಪ ಟೈಮ್ ಕೊಡು" ಅಂದಿದ್ದಾನೆ. ಕೊಟ್ಟಿದ್ದೇನೆ. ಪ್ರತೀ ಯುಗಾದಿಗೆ ಒಂದು ಸಲ ಕೇಳುತ್ತೇನೆ.