ಬೆಟ್ಟ ಹತ್ತಿ ಕೇಳುವುದು

ಇಂಗ್ಲೆಂಡಿನಲ್ಲಿ ಚಳಿ ಸರಿದು ಹಗಲು ಉದ್ದವಾಗುತ್ತಿದ್ದಂತೆ ಕಚೇರಿಗಳಲ್ಲಿ ಒಂದು ಪಟ್ಟಿ ಮೇಜಿನಿಂದ ಮೇಜಿಗೆ ಓಡಾಡತೊಡಗುತ್ತದೆ. ಒಬ್ಬರು ಮ್ಯಾರಥಾನ್ ಓಡುತ್ತಾರೆ, ಇನ್ನೊಬ್ಬರು ಸೈಕಲ್ ತುಳಿಯುತ್ತಾರೆ, ಕೆಲವೊಮ್ಮೆ ಒಂದಿಡೀ ವಿಭಾಗ ಬೆಟ್ಟ ಹತ್ತಲು ಹೊರಡುತ್ತದೆ. ಯಾವುದಾದರೊಂದು ಸೇವಾ ಸಂಸ್ಥೆಯ ಹೆಸರು ಹೇಳಿ ಎಲ್ಲರೂ ಸಹೋದ್ಯೋಗಿಗಳ ಮುಂದೆ ಕೈ ಚಾಚುತ್ತಾರೆ. ಲೀಡ್ಸ್‌ನ ನಮ್ಮ ಕಚೇರಿಯಲ್ಲಿ ಒಂದು ವರ್ಷ ಬೆಟ್ಟದ ಸರದಿ ಬಂತು. ಯಾರ್ಕ್‌ಷೈರಿನ ಮೂರು ಶಿಖರಗಳನ್ನು ಒಂದೇ ದಿನ, 12 ಗಂಟೆಯೊಳಗೆ ಹತ್ತಿ ಇಳಿಯಬೇಕು. ಬಂದ ಹಣ ಒಂದು ಹಾಸ್ಪಿಸ್‌ಗೆ.

ಹಾಸನದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಕೊಡೋ ಹಾಗಿದ್ರೆ ಕೊಟ್ಬಿಡು. ಅದಕ್ಕೆ ಬೆಟ್ಟ ಯಾಕೆ ಹತ್ತಬೇಕು?" ಎಂದಳು. ನ್ಯಾಯವಾದ ಪ್ರಶ್ನೆಯೇ. "ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡಕೊಂಡು ಹೋಗೋರಿಗೆ ಬಸ್ಸಿಗೆ ಹೋಗಿ ಅಂತ ನೀನು ಹೇಳಲ್ವಲ್ಲಮ್ಮ, ಮಜ್ಜಿಗೆ ಕೊಡ್ತೀಯ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಹರಕೆ ಹೊತ್ತೋರು" ಎಂದಳು. ಹೌದು, ಅವರ ಹರಕೆ ಅವರದು. ಆದರೆ ಅವರು ನಡೆಯುವುದರಿಂದಲೇ ಬೆಂಗಳೂರಿನಿಂದ ಚಾರ್ಮಾಡಿಯವರೆಗೆ ರಸ್ತೆಬದಿಯ ಜನ ನೀರು, ಮಜ್ಜಿಗೆ, ಹಣ್ಣು ಹಿಡಿದು ಹೊರಗೆ ಬಂದು ನಿಲ್ಲುತ್ತಾರೆ. ಬಸ್ಸಿನಲ್ಲಿ ಹೋಗುವವನಿಗೆ ಯಾರೂ ಮಜ್ಜಿಗೆ ಕೊಡುವುದಿಲ್ಲ. ನಡೆಯುವವನನ್ನು ಕಂಡಾಗ ಕೊಡುವ ಮನಸ್ಸಿಗೂ ಒಂದು ದಾರಿ ಸಿಗುತ್ತದೆ.

ಹಾಸ್ಪಿಸ್ ಎಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋವಿಲ್ಲದಂತೆ, ಮರ್ಯಾದೆಯಿಂದ ನೋಡಿಕೊಳ್ಳುವ ಮನೆ. ಈಗ ನಾವು ಕಾಣುವ ರೂಪದ ಹಾಸ್ಪಿಸನ್ನು 1967ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದವರು ಸಿಸಿಲಿ ಸಾಂಡರ್ಸ್. ದಾದಿಯಾಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು, ಆಮೇಲೆ ವೈದ್ಯಶಾಸ್ತ್ರ ಓದಿ ಡಾಕ್ಟರಾದ ಹೆಂಗಸು. ಅವರ ಕನಸಿಗೆ ಬಂದ ಮೊದಲ ದೇಣಿಗೆ 500 ಪೌಂಡ್. ಅದನ್ನು ಬಿಟ್ಟುಹೋದವನು ಡೇವಿಡ್ ಟಾಸ್ಮಾ, ಪೋಲೆಂಡಿನಿಂದ ಬಂದು ಹೋಟೆಲಿನಲ್ಲಿ ಮಾಣಿಯಾಗಿದ್ದ ಯಹೂದಿ. 1948ರಲ್ಲಿ ಕ್ಯಾನ್ಸರಿನಿಂದ ಸಾಯುವ ಮುನ್ನ ತನ್ನಲ್ಲಿದ್ದುದನ್ನು ಆಕೆಗೆ ಬರೆದಿಟ್ಟ. ಸ್ವಂತದವರೆಂದು ಹತ್ತಿರ ಯಾರೂ ಇಲ್ಲದ ಒಬ್ಬ ರೋಗಿಯ ಹಣದಿಂದ ಇಷ್ಟು ದೊಡ್ಡ ಕೆಲಸ ಮೊದಲಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂದಿಗೂ ಬ್ರಿಟನ್ನಿನ ಹಾಸ್ಪಿಸ್‌ಗಳು ರೋಗಿಗಳಿಂದ ಕಾಸು ಪಡೆಯುವುದಿಲ್ಲ. ಸರ್ಕಾರ ಕೊಡುವುದು ಖರ್ಚಿನ ಒಂದು ಪಾಲು ಮಾತ್ರ, ಉಳಿದದ್ದನ್ನು ಜನರೇ ಕೂಡಿಸಬೇಕು. ನಮ್ಮ ಬೆಂಗಳೂರಿನ ಕರುಣಾಶ್ರಯವೂ ಹೀಗೆಯೇ ದಾನಿಗಳ ಬಲದಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ನಾವು ಹಣ ಕೂಡಿಸಲು ಹೊರಟ ಹಾಸ್ಪಿಸನ್ನು ತಂಡಕ್ಕೆ ಸೂಚಿಸಿದವರು ಲೆಕ್ಕಪತ್ರ ವಿಭಾಗದ ಹಿರಿಯ ಮಹಿಳೆ. ಅವರ ಗಂಡ ಕೊನೆಯುಸಿರೆಳೆದದ್ದು ಅಲ್ಲಿ. ಅಷ್ಟು ಕಾಲ ಜೊತೆಯಲ್ಲಿ ಕೆಲಸ ಮಾಡಿದರೂ ಆ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ದೇಣಿಗೆ ಕೇಳುತ್ತ ಹೊರಟಾಗ ಇಂಥವೇ ಕಥೆಗಳು ಒಂದೊಂದಾಗಿ ಹೊರಬಂದವು. ಬಾಗಿಲಲ್ಲಿ ಕೂರುವ ಕಾವಲುಗಾರ ಹತ್ತು ಪೌಂಡ್ ಕೊಟ್ಟು ತನ್ನ ತಾಯಿಯ ಕೊನೆಯ ವಾರದ ಬಗ್ಗೆ ಮಾತಾಡಿದ. ಯಾರೊಡನೆಯೂ ಬೆರೆಯದ ಒಬ್ಬ ತಂತ್ರಜ್ಞ ದೇಣಿಗೆಯ ಪುಟದಲ್ಲಿ ತನ್ನ ತಂಗಿಯ ಹೆಸರನ್ನಷ್ಟೇ ಬರೆದು ಹಣ ಹಾಕಿದ. ಕಚೇರಿಯಲ್ಲಿ ಸಾವಿನ ಮಾತು ಎತ್ತಲು ಜಾಗವೇ ಇರುವುದಿಲ್ಲ. ಮೂರು ದಿನ ರಜೆ ಹಾಕಿ ಅತ್ತು ಬಂದವನು ನಾಲ್ಕನೆಯ ದಿನ ಮೀಟಿಂಗಿನಲ್ಲಿ ಕೂತಿರುತ್ತಾನೆ. ನಾವು ಬೆಟ್ಟ ಹತ್ತುತ್ತೇವೆಂದು ಹೇಳಿಕೊಂಡು ಹೋದದ್ದರಿಂದ ಆ ಮಾತಿಗೊಂದು ನೆಪ ಸಿಕ್ಕಿತು. ಸುಮ್ಮನೆ ಹಣ ಕಳಿಸಿ ಕೂತಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ. ಅಮ್ಮನ ಪ್ರಶ್ನೆಗೆ ನನ್ನ ಪೂರ್ತಿ ಉತ್ತರ ಇದೇ. ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ಪೌಂಡಿಗೆ ಇಲ್ಲಿನ ಸರ್ಕಾರ 25 ಪೆನ್ಸ್ ಸೇರಿಸುತ್ತದೆ, ಅದೂ ದೊಡ್ಡ ಉಪಕಾರವೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹೆಸರುಗಳು.

ಇನ್ನು ಬೆಟ್ಟ. ಪೆನಿಗೆಂಟ್ 694 ಮೀಟರ್, ವರ್ನ್‌ಸೈಡ್ 736, ಇಂಗಲ್‌ಬರೋ 723. ಮುಳ್ಳಯ್ಯನಗಿರಿಯ 1,930 ಮೀಟರ್ ಕಂಡವರಿಗೆ ಇವು ದಿಬ್ಬಗಳೆನಿಸಬಹುದು. ಎತ್ತರ ನೋಡಿ ಹಗುರವಾಗಿ ತಿಳಿಯಬಾರದು. ಒಟ್ಟು ಹಾದಿ ಸುಮಾರು 39 ಕಿಲೋಮೀಟರ್, ಮೂರೂ ಸೇರಿ ಏರಬೇಕಾದದ್ದು ಹೆಚ್ಚೂಕಡಿಮೆ 1,600 ಮೀಟರ್. ಮೈಗೆ ಗಾಳಿ ತಡೆಯಲು ಒಂದು ಮರವೂ ಸಿಗದ ಬಯಲು ಅದು. ಕೆಳಗೆ ಬಿಸಿಲಿದ್ದರೂ ನೆತ್ತಿಯ ಮೇಲೆ ಮೋಡ ಕವಿದು ಹತ್ತು ಹೆಜ್ಜೆ ಮುಂದಿನವರು ಕಾಣದೆ ಹೋಗುತ್ತಾರೆ. 1887ರಲ್ಲಿ ಹತ್ತಿರದ ಗಿಗಲ್ಸ್‌ವಿಕ್ ಶಾಲೆಯ ಇಬ್ಬರು ಅಧ್ಯಾಪಕರು ಮೂರನ್ನೂ ಒಂದೇ ನಡಿಗೆಯಲ್ಲಿ ಮುಗಿಸಿದರಂತೆ. ಈ ಪದ್ಧತಿಗೆ ಅಲ್ಲಿಂದಲೇ ಬುನಾದಿ.

ಹಾರ್ಟನ್ ಎಂಬ ಪುಟ್ಟ ಹಳ್ಳಿಯಿಂದ ಬೆಳಗಿನ ಜಾವವೇ ಹೊರಟೆವು. ಪೆನಿಗೆಂಟಿನ ಮೂಗಿನಂಥ ಬಂಡೆಗಳನ್ನು ಕೈಯೂರಿ ಹತ್ತುವಾಗ ಎಲ್ಲರಿಗೂ ಉತ್ಸಾಹ. ಆಮೇಲೆ ರಿಬಲ್‌ಹೆಡ್‌ವರೆಗಿನ ಉದ್ದನೆಯ ಹಾದಿಯಲ್ಲಿ ತಂಡ ತನ್ನಷ್ಟಕ್ಕೆ ಚದುರತೊಡಗಿತು. ಓಟಗಾರರಾದ ಹುಡುಗರು ಮುಂದೆ, ಲೆಕ್ಕಪತ್ರದ ಹಿರಿಯರು ಬಹಳ ಹಿಂದೆ. ಆಗ ನಮ್ಮ ಮ್ಯಾನೇಜರ್ ಒಂದು ಕೆಲಸ ಮಾಡಿದ. ಎಲ್ಲರನ್ನೂ ನಿಲ್ಲಿಸಿ, ಆ ಹಿರಿಯ ಮಹಿಳೆಯನ್ನು ಸಾಲಿನ ಮುಂದಕ್ಕೆ ತಂದು, ಯಾರೂ ಅವರನ್ನು ದಾಟಬಾರದು ಎಂದ. ತಾನು ಎಲ್ಲರಿಗಿಂತ ಹಿಂದೆ ಉಳಿದ. ಅವರು ಎಷ್ಟು ಜೋರಾಗಿ ನಡೆಯುತ್ತಾರೋ ಅಷ್ಟೇ ನಮ್ಮ ವೇಗ. ಕೆಲಸದ ಜಾಗದಲ್ಲಿ ಚುರುಕಾದವರ ಲೆಕ್ಕಕ್ಕೆ ಉಳಿದವರೆಲ್ಲ ಓಡಬೇಕು. ಇಲ್ಲಿ ನಿಧಾನವಾಗಿ ನಡೆಯುವವರ ಹೆಜ್ಜೆ ನೋಡಿ ಹೆಜ್ಜೆಯಿಟ್ಟೆವು. ಹಾಗೆ ನಡೆದಾಗ ಮಾತು ಬೆಳೆಯಿತು, ಪುಳಿಯೋಗರೆಯ ಡಬ್ಬಿ ಸಾಲಿನುದ್ದಕ್ಕೂ ಕೈ ಬದಲಾಯಿಸಿತು, ಉಸಿರೂ ಎಲ್ಲರಿಗೂ ಉಳಿಯಿತು.

ರಿಬಲ್‌ಹೆಡ್‌ನಲ್ಲಿ 24 ಕಮಾನುಗಳ ಕಲ್ಲಿನ ರೈಲುಸೇತುವೆಯಿದೆ, 400 ಮೀಟರ್ ಉದ್ದ, 32 ಮೀಟರ್ ಎತ್ತರ. 1870ರ ದಶಕದಲ್ಲಿ ಇದನ್ನು ಕಟ್ಟಿದ ಕೂಲಿಗಳು ಹೆಂಡತಿ ಮಕ್ಕಳೊಂದಿಗೆ ಇದೇ ಜೌಗು ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಪಘಾತದಲ್ಲಿ, ಸಿಡುಬಿನಲ್ಲಿ ಸತ್ತವರು ಅನೇಕರು. ಅವರನ್ನು ಮಣ್ಣುಮಾಡಿದ ಚಾಪೆಲ್-ಲಿ-ಡೇಲ್‌ನ ಚರ್ಚು ನಮ್ಮ ಹಾದಿಗೆ ಸಮೀಪದಲ್ಲೇ ಇದೆ. ಕೊನೆಗಾಲದಲ್ಲಿ ನೋವು ನೀಗುವ ಇಂದಿನಂಥ ಹಾಸ್ಪಿಸ್ ಅವರ ಕಾಲಕ್ಕೆ ಇರಲಿಲ್ಲ. ಆ ಬಯಲಿನಲ್ಲಿ ನಿಂತು ಚಹಾ ಕುಡಿಯುವಾಗ ನಾವು ಕೂಡಿಸಿದ ಹಣದ ಬೆಲೆ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ವರ್ನ್‌ಸೈಡ್ ಉದ್ದ, ಅಷ್ಟೇ. ಇಂಗಲ್‌ಬರೋದ ಕೊನೆಯ ಏರು ಮಾತ್ರ ಮೊಳಕಾಲನ್ನು ಪರೀಕ್ಷಿಸುತ್ತದೆ, ಅಲ್ಲಿಂದ ಸುಣ್ಣಕಲ್ಲಿನ ಹಾಸಿನ ಮೇಲೆ ಹಾರ್ಟನ್‌ಗೆ ಇಳಿಯುವ ಹಾದಿ ಅಂಗಾಲನ್ನು. ನಿಗದಿತ ಹೊತ್ತು ಮೀರಿತೇ ಎಂದು ಕಚೇರಿಯಲ್ಲಿ ಕೇಳಿದವರಿದ್ದಾರೆ. ಮೀರಿತು. ಎಲ್ಲರೂ ಒಟ್ಟಿಗೆ ಇಳಿದೆವು.

ಆದರೆ ಒಳ್ಳೆಯ ಉದ್ದೇಶವೂ ಬೆಟ್ಟಕ್ಕೆ ಭಾರವಾಗಬಹುದು ಎಂಬುದನ್ನು ಇಲ್ಲಿ ಹೇಳಲೇಬೇಕು. ಸಾವಿರಾರು ಬೂಟುಗಳು ತುಳಿದು ಇಲ್ಲಿನ ಹುಲ್ಲುನೆಲ, ಪೀಟ್ ಮಣ್ಣು ಕಿತ್ತುಹೋಗುತ್ತದೆ. ಅದನ್ನು ಸರಿಪಡಿಸಲು ಹೆಲಿಕಾಪ್ಟರಿನಲ್ಲಿ ಕಲ್ಲು ಹೊತ್ತು ತಂದು ಹಾಸಬೇಕಾಗುತ್ತದೆ. ಸರಿಯಾದ ಬೂಟು, ಮಳೆಯಂಗಿ, ನಕ್ಷೆ ಇಲ್ಲದೆ ಬರಿ ಹುಮ್ಮಸ್ಸಿನಲ್ಲಿ ಬಂದವರು ದಾರಿ ತಪ್ಪಿದರೆ, ಕಾಲು ಮುರಿದುಕೊಂಡರೆ ರಾತ್ರಿಯಲ್ಲೂ ಎದ್ದು ಬರುವವರು ಕ್ಲಾಪಮ್ ಹಳ್ಳಿಯ ಗುಹಾ ರಕ್ಷಣಾ ಪಡೆಯವರು. 1935ರಲ್ಲಿ ಹುಟ್ಟಿದ ಈ ಪಡೆಯಲ್ಲಿ ಎಲ್ಲರೂ ಸ್ವಯಂಸೇವಕರು. ಸಂಬಳವಿಲ್ಲ, ಕಾಪಾಡಿದ್ದಕ್ಕೆ ಶುಲ್ಕವೂ ಇಲ್ಲ. ಅವರ ಸಂಸ್ಥೆ ನಡೆಯುವುದೂ ದೇಣಿಗೆಯಿಂದಲೇ. ಒಂದು ಸೇವೆಗೆ ಹಣ ಕೂಡಿಸಲು ಹೊರಟವರು ಇನ್ನೊಂದು ಸೇವೆಯನ್ನು ದಣಿಸುವುದು ಸರಿಯಲ್ಲ. ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಒಮ್ಮೆಲೇ ನುಗ್ಗಿದ್ದು, ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ಬುಕಿಂಗ್ ಕಡ್ಡಾಯ ಮಾಡಿದ್ದು ನೆನಪಿರಬಹುದು. ಅದು ಬೇಕಾಗಿದ್ದ ಕ್ರಮ.

ಆದ್ದರಿಂದ ಬೆಂಗಳೂರಿನಲ್ಲಾಗಲಿ ಲೀಡ್ಸ್‌ನಲ್ಲಾಗಲಿ ನಿಮ್ಮ ಕಚೇರಿಯ ತಂಡ ಇಂಥ ನಡಿಗೆಗೆ ಹೊರಟರೆ ಧೈರ್ಯವಾಗಿ ಹೋಗಿ, ಸಂಕೋಚ ಬಿಟ್ಟು ಕೇಳಿ. ಕೆಲವು ವಾರ ಮೊದಲೇ ನಡೆದು ಕಾಲು ಪಳಗಿಸಿ, ದೊಡ್ಡ ಗುಂಪಾದರೆ ಅಲ್ಲಿನ ಆಡಳಿತಕ್ಕೆ ಮುಂಚಿತವಾಗಿ ತಿಳಿಸಿ, ನಿಧಾನವಾಗಿ ನಡೆಯುವವರನ್ನು ಮುಂದೆ ನಿಲ್ಲಿಸಿ. ಕೂಡಿಸಿದ ಹಣ ದಾನಿಗಳಿಗೆ ಹೇಳಿದ ಸಂಸ್ಥೆಗೇ ಪೂರ್ತಿ ಸೇರಲಿ. ಆ ಬೆಟ್ಟದ ಹಾದಿಯನ್ನೂ ಹಾದಿ ತಪ್ಪಿದವರನ್ನೂ ಕಾಯುವವರಿಗೆ ನಿಮ್ಮ ಕೈಯಿಂದ ಬೇರೆಯಾಗಿ ಒಂದಿಷ್ಟು ಕೊಡಿ.