ಮಾತ್ರೆ ಮತ್ತು ಮೂಳೆ

ಮೂರ್ಛೆರೋಗವನ್ನು ಮುಚ್ಚಿಡುವ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಅದರಿಂದಾಗುವ ಒಂದು ಹಾನಿಯ ಕುರಿತು ಇಲ್ಲಿ ಬರೆಯಬೇಕೆನಿಸಿದೆ. ಹೀಗೆ ಬರೆಯಲು ನನ್ನ ತಂಗಿಯ ಒಪ್ಪಿಗೆಯೂ ಇದೆ.

ಹದಿನಾರನೆಯ ವಯಸ್ಸಿನಿಂದ ಆಕೆ ಫೆನಿಟಾಯಿನ್ ಮಾತ್ರೆ ಸೇವಿಸುತ್ತಿದ್ದಳು. 1938ರಿಂದ ಬಳಕೆಯಲ್ಲಿರುವ ಈ ಔಷಧಿಯ ಬಲದಿಂದಲೇ ಆಕೆ ಓದಿದಳು, ಸಂಸಾರ ನಡೆಸಿದಳು. ಐವತ್ತೆರಡನೆಯ ವಯಸ್ಸಿನಲ್ಲಿ ಹಿತ್ತಲಲ್ಲಿ ಜಾರಿ ಕೈಯೂರಿದಷ್ಟಕ್ಕೇ ಮಣಿಕಟ್ಟು ಮುರಿಯಿತು. ಮೂಳೆ ವೈದ್ಯರ ಮುಂದೆ ಮನೆಯವರು ಮೂರ್ಛೆಯ ಮಾತೆತ್ತಲಿಲ್ಲ. ಕೊನೆಗೆ ಮಗಳೇ ಚೀಲದಿಂದ ಮಾತ್ರೆಯ ಪಟ್ಟಿಯನ್ನು ತೆಗೆದು ತೋರಿಸಿದಳು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತೀರ ಕಡಿಮೆಯೆಂದು ತಿಳಿಯಿತು. ಮೂಳೆಯ ಸಾಂದ್ರತೆಯೂ ಕುಗ್ಗಿತ್ತು.

ಇದರ ಕಾರಣ ಸರಳವಾಗಿದೆ. ಫೆನಿಟಾಯಿನ್, ಫಿನೋಬಾರ್ಬಿಟಾಲ್, ಕಾರ್ಬಮಜೆಪೀನ್‌ಗಳು ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಆಗ ವಿಟಮಿನ್ ಡಿ ಬೇಗನೆ ವಿಘಟನೆಗೊಳ್ಳುತ್ತದೆ. ಆಹಾರದ ಕ್ಯಾಲ್ಸಿಯಂ ಸಾಕಷ್ಟು ಹೀರಲ್ಪಡುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಇಳಿಯದಂತೆ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಮೂಳೆಯಿಂದಲೇ ಕ್ಯಾಲ್ಸಿಯಂ ಸೆಳೆಯುತ್ತದೆ. ಕಿಣ್ವಗಳನ್ನು ಹೀಗೆ ಕೆಣಕದ ವ್ಯಾಲ್ಪ್ರೊಯೇಟ್ ಕೂಡ ಮೂಳೆಯನ್ನು ದುರ್ಬಲಗೊಳಿಸಬಹುದು. ಮುಟ್ಟು ನಿಂತ ಹೆಂಗಸರಿಗೂ ಬಿಸಿಲು ಕಾಣದೆ ಮನೆಯೊಳಗೇ ಇರುವವರಿಗೂ ಅಪಾಯ ಇನ್ನೂ ಹೆಚ್ಚು.

ಸಂಗತಿ ತಿಳಿದೊಡನೆ ಬಂಧುಗಳಲ್ಲಿ ಕೆಲವರು, "ಆ ವಿಷವನ್ನು ನಿಲ್ಲಿಸಿಬಿಡಿ" ಎಂದರು. ಇದು ಮೂಳೆ ಮುರಿತಕ್ಕಿಂತ ದೊಡ್ಡ ಅನಾಹುತಕ್ಕೆ ದಾರಿ. ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಸೆಳವು ಬಿಡದೆ ಮುಂದುವರಿದು ಪ್ರಾಣಕ್ಕೇ ಎರವಾಗಬಹುದು. ಸೆಳವು ಬಂದು ಬಿದ್ದರೆ ಮೂಳೆಯೂ ಉಳಿಯುವುದಿಲ್ಲ. ಔಷಧಿಯನ್ನು ಬದಲಿಸಬೇಕೆ ಬೇಡವೇ ಎಂಬುದನ್ನು ನಿರ್ಧರಿಸಬೇಕಾದವರು ನರರೋಗ ತಜ್ಞರು. 2009ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯೂ ಇಂಥ ಮಾತ್ರೆಗಳನ್ನು ನಿಲ್ಲಿಸಿರೆಂದು ಹೇಳಲಿಲ್ಲ. ದೀರ್ಘಕಾಲ ಸೇವಿಸುವವರಲ್ಲಿ ಅಪಾಯ ಹೆಚ್ಚಿರುವವರಿಗೆ ವಿಟಮಿನ್ ಡಿ ಕೊಡುವುದನ್ನು ಪರಿಗಣಿಸಿರೆಂದು ವೈದ್ಯರಿಗೆ ಸೂಚಿಸಿತು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮನೆಯ ಯಜಮಾನರು, ಗೃಹಿಣಿಯರು. ನಿಮ್ಮವರಾರಾದರೂ ವರ್ಷಗಳಿಂದ ಇಂಥ ಮಾತ್ರೆ ಸೇವಿಸುತ್ತಿದ್ದರೆ, ವಿಟಮಿನ್ ಡಿ ಪರೀಕ್ಷೆ ಬೇಕೆ, ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೆ ಎಂದು ವೈದ್ಯರನ್ನು ಕೇಳಿರಿ. ರಾಗಿ, ಹಾಲು, ಮೊಸರು, ನಡಿಗೆ, ಬಿಸಿಲು ಇವೆಲ್ಲ ಒಳ್ಳೆಯವೇ. ಆದರೆ ಕೊರತೆ ಹೆಚ್ಚಿದ್ದಾಗ ಇವಿಷ್ಟೇ ಸಾಲವು. ವಿಟಮಿನ್ ಡಿ ಎಷ್ಟು ಸೇವಿಸಬೇಕೆಂಬುದನ್ನೂ ವೈದ್ಯರೇ ಹೇಳಲಿ. ಅತಿಯಾದರೆ ಅದೂ ಕೆಡುಕೇ. ಯಾವ ವೈದ್ಯರ ಬಳಿಗೆ ಹೋದರೂ ಸೇವಿಸುತ್ತಿರುವ ಮಾತ್ರೆಗಳ ಹೆಸರನ್ನೆಲ್ಲ ಸಂಕೋಚವಿಲ್ಲದೆ ಹೇಳಿರಿ. ಕಾಯಿಲೆ ಬರುವುದು ಅವಮಾನವಲ್ಲ.