ಹೆಂಗಿದ್ರೂ ಹಂಚು ತೆಗದಾಯ್ದು

ಕಾರ್ಖಾನೆಯಲ್ಲಿ ಯಂತ್ರದ ಯಾವ ಭಾಗವನ್ನು ಯಾವಾಗ ಬದಲಿಸಬೇಕು ಅಂತ ಲೆಕ್ಕ ಹಾಕೋದು ನನ್ನ ಕೆಲಸ. ಕೆಡುವ ತನಕ ಕಾದರೆ ಕೆಲಸ ನಿಲ್ಲುತ್ತೆ, ಬೇಗ ಬದಲಿಸಿದರೆ ಗಟ್ಟಿ ಸಾಮಾನು ಗುಜರಿಗೆ ಹೋಗುತ್ತೆ. 1960ರಲ್ಲೇ ಬಾರ್ಲೋ ಮತ್ತು ಹಂಟರ್ ಎಂಬ ಇಬ್ಬರು ಸಂಶೋಧಕರು ಇದರ ಲೆಕ್ಕಾಚಾರ ಬರೆದಿಟ್ಟಿದ್ದಾರೆ. ನನಗೆ ಅದು ಸರಿಯಾಗಿ ತಲೆಗೆ ಹೋಗಿದ್ದು ಮಾತ್ರ ಈ ಮೇ ತಿಂಗಳಲ್ಲಿ, ಸಿದ್ದಾಪುರದ ನಮ್ಮ ಮನೆಯಂಗಳದಲ್ಲಿ.

ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋದು ನಮ್ಮ ಕಡೆ ವರ್ಷ ವರ್ಷದ ಕೆಲಸ. ಹಿತ್ತಲ ಬದಿಯಲ್ಲಿ ಎರಡು ರೀಪು ಲಡ್ಡಾಗಿದ್ದವು. ಅಪ್ಪಯ್ಯ ಶಿರಸಿಯಿಂದ ಹೊಸ ರೀಪು ತರಿಸಿ, ಆ ಬದಿಯ ಎಲ್ಲವನ್ನೂ ಬದಲಿಸೋಕೆ ಹೇಳಿದರು. ಉಳಿದವು ಇನ್ನೂ ಎರಡು ಮಳೆಗಾಲ ತಡೀತಿದ್ದವು. “ದಂಡ ಅಲ್ವಾ ಅಪ್ಪಯ್ಯ?” ಅಂದೆ.

“ತಂಗೀ, ಹಂಚಿಗೆ ವಯಸ್ಸಾಗ್ತಿಲ್ಲೆ, ರೀಪಿಗೆ ಆಗ್ತು. ಹೆಂಗಿದ್ರೂ ಹಂಚು ತೆಗದಾಯ್ದು.”

ಎರಡೇ ಮಾತಲ್ಲಿ ಇಡೀ ಲೆಕ್ಕ. ಒಂದು ರೀಪಿನ ಬೆಲೆಗಿಂತ ಆಳು ಕರೆಸಿ, ಹಂಚು ಇಳಿಸಿ, ಮತ್ತೆ ಹೊದೆಸುವ ಖರ್ಚೇ ಜಾಸ್ತಿ. ಆ ಖರ್ಚು ಒಮ್ಮೆ ಆದ ಮೇಲೆ, ಹಳತಾಗುತ್ತಿರುವ ಪಕ್ಕದ ರೀಪುಗಳನ್ನೂ ಬದಲಿಸೋದೇ ಅಗ್ಗ. ಯಲ್ಲಾಪುರದ ಮಾವ ಒಂದೊಂದೇ ಬದಲಿಸುತ್ತಾ ಹೋದರು. ಒಂದೇ ಮಳೆಗಾಲದಲ್ಲಿ ಮೂರು ಸಲ ಆಳು ಬೇಕಾಯಿತು. ಮೂರನೇ ಸಲ ಯಾರೂ ಸಿಗಲಿಲ್ಲ, ಅಟ್ಟದ ಮೇಲಿದ್ದ ಅಡಿಕೆ ಚೀಲಕ್ಕೆ ಬೂಸಲು ಬಂತು.

ಹಂಚಿನ ಕತೆ ಬೇರೆ. ಅದು ಹಳತಾಗಿ ಒಡೆಯೋದು ಕಡಿಮೆ. ಮಂಗ ಹಾರಿದರೆ, ತೆಂಗಿನ ಹೆಡೆ ಬಿದ್ದರೆ ನಿನ್ನೆ ಹಾಕಿದ ಹೊಸ ಹಂಚೂ ಒಡೆಯುತ್ತೆ. ಹಾಗಾಗಿ ಅದನ್ನು ಮುಂಚಿತವಾಗಿ ಬದಲಿಸಿ ಏನೂ ಲಾಭವಿಲ್ಲ. ಹೆಚ್ಚುವರಿ ಹಂಚು, ಹತ್ತೋಕೆ ಒಬ್ಬ ಜನ, ಇವೆರಡು ಇರಬೇಕು ಅಷ್ಟೇ.

ಆ ಜನ ಇಷ್ಟು ವರ್ಷವೂ ಅಪ್ಪಯ್ಯನೇ. ಕಳೆದ ಜುಲೈಯಲ್ಲಿ ಹಾವಸೆ ಕಟ್ಟಿದ ಹಂಚಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಆಯಿ ನನಗೆ ಹೇಳಿದ್ದು ಹದಿನೈದು ದಿನ ಬಿಟ್ಟು. ಎಪ್ಪತ್ತೊಂದು ವರ್ಷ ಅವರಿಗೆ. ಕಾರ್ಖಾನೆಯ ಬೇರಿಂಗಿಗೆಲ್ಲ ತಾರೀಖು ಬರೆದಿಡುವ ನಾನು ಇದನ್ನು ಬರೆದಿಟ್ಟಿರಲಿಲ್ಲ.

ಈ ಸಲ ಇಪ್ಪತ್ತು ಹಂಚು ಕೊಟ್ಟಿಗೆಯಲ್ಲಿ ಇಡಿಸಿದೆ. ಊರಿನ ಒಬ್ಬರಿಗೆ ಮಳೆಗಾಲದ ನಾಲ್ಕು ತಿಂಗಳಿಗೂ ಮುಂಗಡ ಕೊಟ್ಟು, ಕರೆದಾಗ ಬರುವಂತೆ ಮಾತಾಡಿದೆ. ಏಣಿಯನ್ನೂ ಅವರ ಮನೆಗೇ ಕಳಿಸಿದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಹಂಗಾರೆ ಆನು ಕೆಳಗೆ ನಿಂತ್ಕಂಡು ಹೇಳ್ತಿ.”